ಮೂಡದ ಚುಕ್ಕೆಗಳು

ಕಣ್ಣಿನ ಡಾಕ್ಟರಮ್ಮನ ಒಳಕೋಣೆಗೆ ಒಂದು ಕಾಲದಲ್ಲಿ ಕಿಟಕಿ ಇತ್ತು. ಈಗ ಅದಕ್ಕೆ ಹಲಗೆ ಬಡಿದು ಮೇಲೆ ಕಪ್ಪು ಬಣ್ಣ ಬಳಿದಿದ್ದಾರೆ. ಕೋಣೆಯ ನಡುವೆ ಮೇಜು, ಮೇಜಿನ ಮೇಲೆ ಒಂದು ಲೋಹದ ಪೆಟ್ಟಿಗೆ. ತಯಾರಿಸಿದ ಕಂಪನಿ ಅದಕ್ಕೆ ಉದ್ದನೆಯ, ಗಂಭೀರವಾದ ಹೆಸರೊಂದನ್ನು ಇಟ್ಟಿತ್ತು. ಕಂಪನಿಯೂ ಮುಚ್ಚಿಹೋಯಿತು, ಹೆಸರೂ ಮರೆತುಹೋಯಿತು, ಈಗ ಎಲ್ಲರ ಬಾಯಲ್ಲೂ ಅದು ಬರೀ ಡಬ್ಬ.

ಡಬ್ಬದ ಮುಂದೆ ಕೂತು, ತಟ್ಟೆಯ ಮೇಲೆ ಗಲ್ಲ ಇಟ್ಟು, ಪಟ್ಟಿಗೆ ಹಣೆ ಒತ್ತಿ ಕಿಂಡಿಯಲ್ಲಿ ನೋಡಬೇಕು. ಒಳಗಿನ ಕತ್ತಲಲ್ಲಿ, ನಟ್ಟನಡುವೆ, ಒಂದು ಕೆಂಪು ದೀಪ ಸದಾ ಉರಿಯುತ್ತಿರುತ್ತದೆ. ಕಣ್ಣನ್ನು ಅದರ ಮೇಲಿಂದ ಕದಲಿಸುವಂತಿಲ್ಲ. ಸುತ್ತಲಿನ ಪರದೆಯಲ್ಲಿ ಎಲ್ಲೋ ಒಂದು ಬಿಳಿ ಚುಕ್ಕೆ ಮಿನುಗಿ ಮಾಯವಾಗುತ್ತದೆ. ಕಂಡರೆ ಕೈಯಲ್ಲಿರುವ ಗುಂಡಿ ಒತ್ತಬೇಕು, ಕಾಣದಿದ್ದರೆ ಸುಮ್ಮನಿರಬೇಕು. ಪರೀಕ್ಷೆ ಇಷ್ಟೇ. ಆದರೂ ಜನ ಅಲ್ಲಿ ಬೆವರುವಷ್ಟು ಬೇರೆ ಯಾವ ಪರೀಕ್ಷೆಯಲ್ಲೂ ಬೆವರುವುದಿಲ್ಲ, ಯಾಕೆಂದರೆ ಇದಕ್ಕೆ ಓದಿಕೊಂಡು ಬರಲು ಏನೂ ಇಲ್ಲ.

ಕ್ರೇನ್ ನಡೆಸುವ ಅಕ್ಕ ಪ್ರತಿ ವರ್ಷ ಈ ಡಬ್ಬದ ಮುಂದೆ ಕೂರಲೇಬೇಕು. ಅವಳ ಕೆಲಸ ಬಂದರಿನ ಯಾರ್ಡಿನಲ್ಲಿ. ನಾಲ್ಕು ಮಹಡಿಗೂ ಎತ್ತರದಲ್ಲಿ ಒಂದು ಗಾಜಿನ ಕ್ಯಾಬಿನ್, ಅದರ ನೆಲವೂ ಗಾಜು. ತನ್ನ ಎರಡು ಪಾದಗಳ ನಡುವಿಂದ ಕೆಳಗೆ ನೋಡುತ್ತಾ ಮನೆಯಷ್ಟು ದೊಡ್ಡ ಕಂಟೇನರುಗಳನ್ನು ಎತ್ತುತ್ತಾಳೆ, ಇಳಿಸುತ್ತಾಳೆ. ಯಾರ್ಡಿನವರು ಅವಳನ್ನು ಮೇಲಿನಕ್ಕ ಎನ್ನುತ್ತಾರೆ. ಹೋದ ವರ್ಷ ಅವಳ ಎಡಗಣ್ಣು ಎಡ ಕೆಳಮೂಲೆಯ ಕೆಲವು ಚುಕ್ಕೆಗಳನ್ನು ಬಿಟ್ಟಿತ್ತು. ಡಾಕ್ಟರಮ್ಮ ಹಾಳೆಯನ್ನು ದೂರ ಹಿಡಿದು, ಹತ್ತಿರ ಹಿಡಿದು, "ಮುಂದಿನ ವರ್ಷ ನೋಡೋಣ" ಅಂದಿದ್ದರು. ಡಾಕ್ಟರ ಬಾಯಿಂದ ಬಂದ 'ನೋಡೋಣ' ಎಂಬ ಮಾತು ಇಡೀ ವರ್ಷ ಮನೆಯಲ್ಲಿ ಒಬ್ಬ ನೆಂಟನ ಹಾಗೆ ಕೂತಿರುತ್ತದೆ. ಈ ಸಲ ಇನ್ನೊಂದಿಷ್ಟು ಚುಕ್ಕೆ ತಪ್ಪಿದರೆ ಕ್ಯಾಬಿನ್ ಹೋಯಿತು. ಗೇಟಿನ ಬಳಿ ಒಂದು ಮೇಜು ಕೊಡುತ್ತಾರೆ, ಲಾರಿಯವರ ಕಾಗದಕ್ಕೆ ಮುದ್ರೆ ಒತ್ತಿಕೊಂಡಿರು ಅನ್ನುತ್ತಾರೆ. ಅಷ್ಟು ಎತ್ತರದಲ್ಲಿ ಇಷ್ಟು ವರ್ಷ ಒಬ್ಬಳೇ ರಾಣಿಯ ಹಾಗೆ ಕೂತವಳು ಆ ಮೇಜನ್ನು ನೆನೆದೇ ಅರ್ಧ ಸೊರಗಿದ್ದಳು.

ಈ ವರ್ಷ ಡಬ್ಬವೇ ಸೊರಗಿತು. ಅದನ್ನು ನಡೆಸುತ್ತಿದ್ದ ಹಳೆಯ ಕಂಪ್ಯೂಟರು ಕೆಮ್ಮಿ, ಉಬ್ಬಸಪಟ್ಟು, ಕಡೆಗೆ ಒಂದು ದಿನ ಏಳಲಿಲ್ಲ. ಹೊಸ ಡಬ್ಬ ತರಿಸಿದರೆ ಹಳೆಯ ರೋಗಿಗಳ ಹಳೆಯ ಫಲಿತಾಂಶಗಳಿಗೂ ಹೊಸದಕ್ಕೂ ತಾಳೆಯಾಗುವುದಿಲ್ಲ ಎಂದು ಡಾಕ್ಟರಮ್ಮ ಹಟ ಹಿಡಿದರು. ಆಗ ಅಕ್ಕ, "ನನ್ನ ತಮ್ಮನಿಗೆ ಇದೇ ಕಸುಬು ಡಾಕ್ಟ್ರೇ" ಎಂದು ಬಾಯಿ ಹಾಕಿದಳು.

ತಮ್ಮನ ಕಸುಬು ಗ್ರಾಫಿಕ್ಸ್ ಡ್ರೈವರ್ ಬರೆಯುವುದು. ಕಂಪ್ಯೂಟರಿಗೂ ಪರದೆಗೂ ನಡುವೆ ನಿಂತು ಸಂಧಾನ ಮಾಡುವ ಪ್ರೋಗ್ರಾಮು ಅದು. ಸರಿಯಾಗಿ ಬರೆದರೆ ಯಾರಿಗೂ ಅದು ಇದೆ ಅಂತಲೇ ಗೊತ್ತಾಗುವುದಿಲ್ಲ, ತಪ್ಪಾಗಿ ಬರೆದರೆ ಪರದೆ ಕಪ್ಪಗಾಗುತ್ತದೆ. ಆಫೀಸಿನಲ್ಲಿ ಅವನ ಅಡ್ಡಹೆಸರು 'ಕಪ್ಪು ಪರದೆ'. ಅವನು ಯಾರ ಮೇಜಿನ ಹತ್ತಿರ ಬಂದರೂ ಅವರು ಮೊದಲು ತಮ್ಮ ಕೆಲಸವನ್ನು ಸೇವ್ ಮಾಡಿಕೊಳ್ಳುತ್ತಾರೆ.

ಕಡೆಗೆ ತಮ್ಮ ಡಬ್ಬವನ್ನು ಹೊಸ ಕಂಪ್ಯೂಟರಿಗೆ ಹೊಂದಿಸಿದ. ಅಕ್ಕನ ಪರೀಕ್ಷೆಯ ದಿನ ಬೆಳಿಗ್ಗೆ ಬಂದ ರೋಗಿಗಳನ್ನೆಲ್ಲ ಡಾಕ್ಟರಮ್ಮ ಹೊಸ ಕಂಪ್ಯೂಟರಿನಲ್ಲಿ ಪರೀಕ್ಷಿಸಿ, "ಪರವಾಗಿಲ್ಲ ಕಣ್ರೀ ನೀವು" ಎಂದು ತಮ್ಮನನ್ನು ಹೊಗಳಿ ಊಟಕ್ಕೆ ಎದ್ದಿದ್ದರು. ಅಕ್ಕನ ಸರದಿ ಊಟದ ನಂತರ. ಅಕ್ಕ ತಮ್ಮ ಇಬ್ಬರೂ ಹೊರಗಿನ ಬೆಂಚಿನ ಮೇಲೆ ಕೂತಿದ್ದರು. ಅಕ್ಕನಿಗೆ ಏನಾದರೂ ಮಾತಾಡುತ್ತಿರಬೇಕಿತ್ತು.

"ಹೊಸ ಕಂಪ್ಯೂಟರ್ ತಂದು ವೈರ್ ಚುಚ್ಚಿದ್ರೆ ಆಯ್ತಪ್ಪ. ಅದಕ್ಕೆ ತಿಂಗಳಾನುಗಟ್ಟಲೆ ಯಾಕೋ ಒದ್ದಾಡಿದೆ?"

"ಡಬ್ಬದೊಳಗಿನ ಪರದೆಗೆ ಅಂತಲೇ ಒಂದು ಕಾರ್ಡ್ ಇದೆ ಅಕ್ಕ. ಆ ಕಾರ್ಡಿನ ಹೊಟ್ಟೇಲೇ ಒಂದು ಪುಟ್ಟ ಪ್ರೋಗ್ರಾಮ್ ಅಚ್ಚೊತ್ತಿಟ್ಟಿದಾರೆ. ವಿಡಿಯೋ ಬಯಾಸ್ ಅಂತಾರೆ. ಚುಕ್ಕೆ ಎಲ್ಲಿ ಮೂಡಬೇಕು, ಎಷ್ಟು ಬೆಳಕು, ಎಷ್ಟು ಹೊತ್ತು, ಎಲ್ಲ ಗೊತ್ತಿರೋದು ಅದಕ್ಕೊಂದಕ್ಕೇ. ಬರೆದೋರು ಈಗ ಸಿಗಲ್ಲ."

"ಮನೇಲಿರೋ ಅಜ್ಜ ಇದ್ದ ಹಾಗೆ."

"ಅಜ್ಜ ಅಂತಲೇ ಇಟ್ಕೋ. ಹಳೇ ಸಿಸ್ಟಮ್‌ಗಳಲ್ಲಿ ಯಾರು ಬೇಕಾದ್ರೂ ಅಜ್ಜನ ಕೋಣೆಗೆ ನುಗ್ಗಿ, ಅಜ್ಜಾ ಒಂದು ಚುಕ್ಕೆ ಹಾಕು ಅನ್ನಬಹುದಿತ್ತು. ಅಜ್ಜ ಎದ್ದು ತಾನೇ ಹೋಗಿ ಹಾಕೋನು. ಅವನು ಎದ್ದಾಗ ಮನೆಯವರೆಲ್ಲ ಕೈಕಟ್ಟಿ ನಿಂತಿರಬೇಕು. ಅವನು ಎಡವಿದ್ರೆ ಇಡೀ ಮನೆ ಮಗುಚ್ಕೊಳ್ಳೋದು."

"ಒಳ್ಳೆ ಅಜ್ಜ!"

"ಆಮೇಲಿನವರು ಹುಷಾರು. ಅಜ್ಜನಿಗೆ ಬೇರೆ ಕೋಣೆ ಕಟ್ಟಿ ಹಳೇ ಕಾಲದ ಹಾಗೇ ಸಿಂಗಾರ ಮಾಡಿಟ್ರು. ಇಡೀ ಮನೆ ಈಗ್ಲೂ ತನ್ನದೇ ಅನ್ಕೊಂಡಿರೋನು ಪಾಪ. ಬಾಗಿಲಲ್ಲಿ ಒಬ್ಬ ಕಾವಲು. ಇನ್ನು ಕೆಲವು ಸಿಸ್ಟಮ್‌ನೋರು ಅಜ್ಜನ ಹಂಗೇ ಬೇಡ ಅಂತ ಕಾರ್ಡನ್ನ ನೇರವಾಗಿ ತಾವೇ ಮುಟ್ತಾರೆ. ಅದಕ್ಕೆ ಕಾರ್ಡಿನ ಗುಟ್ಟು ಗೊತ್ತಿರಬೇಕು, ನಂಗೆ ಗೊತ್ತಿಲ್ಲ."

"ಮತ್ತೆ ನೀನೇನು ಮಾಡಿದೆ?"

"ಈಗಿನ ಪ್ರೊಸೆಸರ್ ಹೊಸ ಧಾಟೀಲಿ ಓಡ್ತಿರುವಾಗ ಅಜ್ಜನ ಮಾತೇ ಅದಕ್ಕೆ ಅರ್ಥ ಆಗಲ್ಲ. ಅದಕ್ಕೆ ಒಬ್ಬ ನಟನ್ನ ಇಟ್ಟಿದೀನಿ. ಎಮ್ಯುಲೇಟರ್. ಅಜ್ಜ ಬರೆದಿಟ್ಟಿರೋದನ್ನ ಒಂದೊಂದೇ ಸಾಲು ಓದ್ಕೊಂಡು ಅಜ್ಜನ ಹಾಗೇ ಆಡ್ತಾನೆ. ಈಗ ಚುಕ್ಕೆ ಹಾಕಬೇಕು ಅನ್ನೋ ಜಾಗ ಬಂದಾಗ, ಕಾರ್ಡನ್ನ ನಿಜವಾಗ್ಲೂ ಮುಟ್ಟಬೇಕೋ ಬೇಡ್ವೋ ಅಂತ ಹೇಳೋದು ನನ್ನ ಡ್ರೈವರ್."

"ಬೇಡ ಅಂದ್ರೆ?"

"ನಟ ಗಾಳೀಲಿ ಕೈಯಾಡಿಸಿ, ಹಾಕಾಯ್ತು ಅಂತಾನೆ. ಅದು ತಾಲೀಮು. ಇರೋದೊಂದೇ ಕಾರ್ಡಲ್ವಾ, ಸುಟ್ಟುಹೋದ್ರೆ ಕಥೆ ಮುಗೀತು. ಅದಕ್ಕೇ ಮೊದಲು ತಾಲೀಮು, ಆಮೇಲೆ ನಿಜ."

ಅಕ್ಕ ಅವನ ಕಡೆ ತಿರುಗಿದಳು.

"ಅಜ್ಜನಿಗೆ ಗೊತ್ತಾಗಲ್ವೇನೋ?"

"ಏನು?"

"ತಾನು ಈಗ ಇಲ್ಲ ಅಂತ."

ತಮ್ಮ ನಕ್ಕ. ನಗು ಬೆಂಚು ದಾಟಿ ಹೋಗಲಿಲ್ಲ. ಅಷ್ಟರಲ್ಲಿ ಡಾಕ್ಟರಮ್ಮ ಕೈ ಒರೆಸಿಕೊಳ್ಳುತ್ತಾ ಬಂದು, "ಬನ್ನಿ ಮೇಲಿನವರೇ, ಕೆಳಗಿಳಿಯಿರಿ" ಎಂದು ಕರೆದರು. ಅದು ಅವರ ಪ್ರತಿ ವರ್ಷದ ತಮಾಷೆ. ಈ ವರ್ಷ ಅಕ್ಕನಿಗೆ ಅದು ರುಚಿಸಲಿಲ್ಲ.

ಕೋಣೆಯ ಬಾಗಿಲು ಮುಚ್ಚಿ ದೀಪ ಆರಿಸಿದರು. ಅಕ್ಕನ ಬಲಗಣ್ಣಿಗೆ ಪಟ್ಟಿ ಕಟ್ಟಿ ಗಲ್ಲವನ್ನು ತಟ್ಟೆಗೆ ಕೂರಿಸಿದರು. ತಮ್ಮ ಮೂಲೆಯ ಸ್ಟೂಲಿನ ಮೇಲೆ ಕೂತ. ಡಾಕ್ಟರಮ್ಮನ ಮುಂದಿನ ಮಾನಿಟರಿನಲ್ಲಿ ಪರೀಕ್ಷೆ ಎಲ್ಲಿಯವರೆಗೆ ಬಂತು ಎಂದು ತೋರಿಸುವ ಒಂದು ಪಟ್ಟಿ ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಡಬ್ಬದೊಳಗಿನದು ಕೂತವರಿಗೆ ಮಾತ್ರ. ಕತ್ತಲಲ್ಲಿ ಗುಂಡಿಯ ಸದ್ದು ಶುರುವಾಯಿತು. ಟಿಕ್. ಸ್ವಲ್ಪ ಬಿಟ್ಟು ಟಿಕ್. ಒಮ್ಮೆ ಬೇಗ, ಒಮ್ಮೆ ತಡವಾಗಿ, ಟಿಕ್. ತಮ್ಮ ಪ್ರತಿ ಸದ್ದಿಗೂ ಉಸಿರು ಬಿಡುತ್ತಿದ್ದ.

ಮುಗಿದ ಮೇಲೆ ಡಾಕ್ಟರಮ್ಮ ದೀಪ ಹಾಕಿ ಮುದ್ರಣವಾಗಿ ಬಂದ ಹಾಳೆಯನ್ನು ಎತ್ತಿಕೊಂಡರು. ಕಾಣದ ಜಾಗವೆಲ್ಲ ಅದರಲ್ಲಿ ಕಪ್ಪಗೆ ಬರುತ್ತದೆ. ಹಾಳೆ ಒಗೆದ ಬಟ್ಟೆಯ ಹಾಗೆ ಬೆಳ್ಳಗಿತ್ತು.

"ಏನ್ರೀ ಇದು! ಒಂದೂ ಬಿಟ್ಟಿಲ್ಲ. ಹೋದ ವರ್ಷದ ಮೂಲೆ ಪೂರ್ತಿ ತುಂಬಿಬಿಟ್ಟಿದೆ. ನನ್ನ ಸರ್ವೀಸಿನಲ್ಲೇ ನಾನು ಇಂಥದ್ದು ನೋಡಿಲ್ಲ."

ಅಕ್ಕ ಕುರ್ಚಿಯಲ್ಲೇ ಕೂತು ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಅಳುತ್ತಿದ್ದಳೋ ನಗುತ್ತಿದ್ದಳೋ, ಭುಜ ಮಾತ್ರ ಅಲುಗುತ್ತಿತ್ತು. ಡಾಕ್ಟರಮ್ಮ ಪೆನ್ನಿನ ಮುಚ್ಚಳ ತೆಗೆದರು.

ಆಗ ತಮ್ಮನ ಕಣ್ಣು ಮಾನಿಟರಿನ ಮೂಲೆಗೆ ಹೋಯಿತು. ಅಲ್ಲಿ ಅವನ ಡ್ರೈವರಿನ ಪುಟ್ಟ ಚೌಕವೊಂದಿತ್ತು. ಚೌಕದಲ್ಲಿ ಒಂದೇ ಪದ: ತಾಲೀಮು.

ಅವನು ಮಾಡಿದ್ದು ಅವನ ಕಸುಬಿನವರು ಮಾತ್ರ ಮಾಡಬಲ್ಲ ತಪ್ಪು. ಕಂಪ್ಯೂಟರು ನಿದ್ದೆಗೆ ಜಾರಿ ಎದ್ದಾಗ ಕಾರ್ಡಿಗೆ ಹಿಂದಿನದೇನೂ ನೆನಪಿರುವುದಿಲ್ಲ. ಬಯಾಸನ್ನು ಮೊದಲಿನಿಂದ ಓಡಿಸಿ ಅದನ್ನು ಎಬ್ಬಿಸಬೇಕು. ಅದನ್ನು ಅವನು ಮುತುವರ್ಜಿಯಿಂದ ಬರೆದಿದ್ದ. ಆದರೆ ಡ್ರೈವರು ಮೊದಲಿನಿಂದ ಶುರುವಾದಾಗಲೆಲ್ಲ ಮೊದಲು ತಾಲೀಮಿನಲ್ಲೇ ನಿಲ್ಲಬೇಕು ಎಂದೂ ಅವನೇ ಬರೆದಿದ್ದ, ಕಾರ್ಡಿನ ಮೇಲಿನ ಪ್ರೀತಿಯಿಂದ. ಡಾಕ್ಟರಮ್ಮ ಊಟ ಮಾಡುವಾಗ ಕಂಪ್ಯೂಟರೂ ಒಂದು ನಿದ್ದೆ ತೆಗೆದಿತ್ತು. ಎದ್ದಿದ್ದು ತಾಲೀಮಿಗೆ. ನಡುವಿನ ಕೆಂಪು ದೀಪಕ್ಕೆ ಬೇರೆ ವೈರು, ಅದು ಉರಿಯುತ್ತಲೇ ಇತ್ತು. ಸುತ್ತಲಿನ ಪರದೆಗೆ ಒಂದು ಚುಕ್ಕೆಯೂ ಹೋಗಿರಲಿಲ್ಲ. ನಟ ಪ್ರತಿ ಸಲ ಗಾಳಿಯಲ್ಲಿ ಕೈಯಾಡಿಸಿ ಹಾಕಾಯ್ತು ಅಂದಿದ್ದ. ಅಕ್ಕ ಪ್ರತಿ ಸಲ ಒತ್ತಿದ್ದಳು.

ಒಂದು ಗಳಿಗೆ ಅವನಿಗೆ ಮೂಕನಾಗುವ ಆಸೆಯಾಯಿತು. ಪೆನ್ನು ಹಾಳೆಯ ಹತ್ತಿರವಿತ್ತು. ಅವನೊಳಗಿನ ತಮ್ಮ ಸುಮ್ಮನಿರು ಎಂದ. ಅವನೊಳಗಿನ ಕಸುಬುದಾರ ಬಾಯಿ ಬಿಟ್ಟೇಬಿಟ್ಟ.

"ಡಾಕ್ಟ್ರೇ, ಸಹಿ ಹಾಕಬೇಡಿ. ಒಳಗೆ ಏನೂ ಇರಲಿಲ್ಲ."

ವಿಷಯ ಕೇಳಿ ಡಾಕ್ಟರಮ್ಮ ಅಕ್ಕನ ಕಡೆ ತಿರುಗಿದ ರೀತಿ ತಮ್ಮನಿಗೆ ಸೇರಲಿಲ್ಲ. "ಲೆಕ್ಕ ಹಾಕ್ಕೊಂಡು ಒತ್ತಿದ್ರಾ?" ಎಂದು ಮೆಲ್ಲಗೆ ಕೇಳಿದರು. ಕೇಳಿದವರೇ ತಲೆ ಅಲ್ಲಾಡಿಸಿದರು. ಈ ಪರೀಕ್ಷೆಯಲ್ಲಿ ಕಳ್ಳರನ್ನು ಹಿಡಿಯಲೆಂದೇ ನಡುನಡುವೆ ಹುಸಿ ಸರದಿಗಳಿವೆ. ಚುಕ್ಕೆ ಬರುವಷ್ಟು ಹೊತ್ತು ಕಳೆಯುತ್ತದೆ, ಆದರೆ ಪ್ರೋಗ್ರಾಮು ಬಯಾಸನ್ನು ಕರೆಯುವುದೇ ಇಲ್ಲ. ಕೈಗೆ ರೂಢಿಯಾದವರು ಅಲ್ಲಿ ಒತ್ತಿ ಸಿಕ್ಕಿಬೀಳುತ್ತಾರೆ. ಅಕ್ಕ ಒಂದು ಹುಸಿ ಸರದಿಗೂ ಒತ್ತಿರಲಿಲ್ಲ.

"ನಂಗೆ ಕಂಡಿತು, ಒತ್ತಿದೆ" ಅಂದಳು ಅಕ್ಕ. ಅವಳ ಮುಖದಲ್ಲಿ ಈಗ ನಗುವೂ ಇರಲಿಲ್ಲ, ಅಳುವೂ ಇರಲಿಲ್ಲ.

ತಮ್ಮ ತಾಲೀಮಿನಲ್ಲೇ ಮತ್ತೆ ಪರೀಕ್ಷೆ ಶುರುಮಾಡಿ ತಾನೇ ಡಬ್ಬದ ಮುಂದೆ ಕೂತ. ಕೆಂಪು ದೀಪ. ಸುತ್ತ ಕತ್ತಲು. ಕಣ್ಣು ನೋಯುವವರೆಗೆ ಕತ್ತಲೇ. ಡಾಕ್ಟರಮ್ಮ ಕೂತರು. ಒಂದೇ ಒಂದು ಸಲ, ಗಾಬರಿಗೆ, ಒತ್ತಿದರು. ಅದು ಹುಸಿ ಸರದಿ.

ಆಮೇಲೆ ತಮ್ಮ ಡಬ್ಬಕ್ಕೆ ಹೋಗುವ ಕೇಬಲನ್ನೇ ಕಿತ್ತು ಮೇಜಿನ ಮೇಲಿಟ್ಟ. ಸದ್ದು, ಬಿಸಿ, ವಿದ್ಯುತ್ತಿನ ಮಿಡಿತ, ಯಾವ ನೆಪವೂ ಬೇಡ ಎಂದು. ಅಕ್ಕನನ್ನು ಮತ್ತೆ ಡಬ್ಬದ ಮುಂದೆ ಕೂರಿಸಿ ದೀಪ ಆರಿಸಿದ. ಮಾನಿಟರನ್ನು ತನ್ನ ಕಡೆ ತಿರುಗಿಸಿಕೊಂಡು, ಚುಕ್ಕೆ ಹಾಕು ಎಂಬ ಪ್ರತಿ ಕರೆ ಬಂದಾಗಲೂ ಅದರ ಜಾಗ ತನಗೆ ಮಾತ್ರ ಕಾಣುವ ಹಾಗೆ ಮಾಡಿಕೊಂಡ.

"ಅಕ್ಕ, ಈ ಸಲ ಒತ್ತಬೇಡ. ಎಲ್ಲಿ ಅಂತ ಬಾಯಲ್ಲಿ ಹೇಳು."

"ಮೇಲೆ, ಬಲಕ್ಕೆ."

ಮೇಲೆ, ಬಲಕ್ಕೆ.

"ನಡುವಿನ ಹತ್ತಿರ. ಸ್ವಲ್ಪ ಕೆಳಗೆ."

ಹೌದು.

"ಈಗಿಲ್ಲ. ಇದು ಮೋಸದ್ದು."

ಮೋಸದ್ದೇ.

"ಎಡಗಡೆ ಕೆಳಗೆ. ತುಂಬಾ ಕೆಳಗೆ, ಮೂಲೇಲಿ."

ತಮ್ಮ ಎದ್ದು ನಿಂತ. ಹಿಂದಿದ್ದ ಸ್ಟೂಲು ಬಿತ್ತು. ಡಾಕ್ಟರಮ್ಮ ದೀಪ ಹಾಕಿದರು. ಕೋಣೆಯಲ್ಲಿ ದೀಪ ಹಾಕಬೇಕು ಎಂದು ಮೂವರಿಗೂ ಒಟ್ಟಿಗೇ ಅನ್ನಿಸಿತ್ತು.

"ಬೆಳಕು ಕಾಣತ್ತಾ ನಿಮಗೆ?" ಡಾಕ್ಟರಮ್ಮ ಕೇಳಿದರು. ಅವರ ದನಿ ಸಣ್ಣದಾಗಿತ್ತು.

"ಬೆಳಕು ಅಂತಲ್ಲ ಡಾಕ್ಟ್ರೇ. ಬಸ್ಸಿನಲ್ಲಿ ಹಿಂದೆ ಬರೋರಿಗೆ ಅಂತ ಸೀಟಿನ ಮೇಲೆ ಬ್ಯಾಗ್ ಇಟ್ಟು ಜಾಗ ಹಿಡಿದಿರ್ತಾರಲ್ಲ. ಅಲ್ಲಿ ಯಾರೂ ಕೂತಿರಲ್ಲ. ಆದ್ರೂ ಅದು ಖಾಲಿ ಸೀಟಲ್ಲ. ಹಾಗೆ."

ಡಾಕ್ಟರಮ್ಮ ತಮಗೆ ಗೊತ್ತಿದ್ದ ಏಕೈಕ ಕೆಲಸ ಮಾಡಿದರು. "ಸರಿಯಾಗಿ ಪರೀಕ್ಷೆ ಮಾಡೋಣ" ಅಂದರು. ತಮ್ಮ ಕೇಬಲು ಚುಚ್ಚಿ ತಾಲೀಮು ತೆಗೆದು ಹಾಕಿದ. ಅವರು ಮೊದಲು ತಾವೇ ಕೂತು, "ಹಾಂ, ಬರ್ತಿದೆ, ಬರ್ತಿದೆ" ಎಂದು ಖಾತ್ರಿ ಮಾಡಿಕೊಂಡು ಅಕ್ಕನನ್ನು ಕೂರಿಸಿದರು. ದೀಪ ಆರಿತು.

ಟಿಕ್. ಟಿಕ್. ಮಾನಿಟರು ಈಗಲೂ ತಮ್ಮನ ಕಡೆಗೇ ತಿರುಗಿತ್ತು. ಕರೆಗಳು ಒಂದೊಂದಾಗಿ ಬರುತ್ತಿದ್ದವು. ಬಲಕ್ಕೆ, ಟಿಕ್. ಮೇಲೆ, ಟಿಕ್. ಎಡಕ್ಕೆ ಕೆಳಗೆ. ಸದ್ದಿಲ್ಲ. ಮತ್ತೆ ಎಡಕ್ಕೆ ಕೆಳಗೆ, ಈ ಸಲ ಎರಡು ಪಟ್ಟು ಬೆಳಕು. ಸದ್ದಿಲ್ಲ. ಪ್ರೋಗ್ರಾಮು ಆ ಮೂಲೆಗೆ ತನ್ನಲ್ಲಿದ್ದ ಬೆಳಕನ್ನೆಲ್ಲ ಸುರಿಯಿತು. ಅಕ್ಕ ಕಲ್ಲಿನ ಹಾಗೆ ಕೂತಿದ್ದಳು. ತಮ್ಮನಿಗೆ ಆ ಗುಂಡಿಯನ್ನು ತಾನೇ ಹೋಗಿ ಒತ್ತಿಬಿಡೋಣ ಅನ್ನಿಸಿತು.

ಎರಡನೆಯ ಹಾಳೆಯ ಎಡ ಕೆಳಮೂಲೆ ಮಸಿ ಚೆಲ್ಲಿದ ಹಾಗಿತ್ತು. ಹೋದ ವರ್ಷ ಅಲ್ಲಿ ಕೆಲವು ಕಪ್ಪು ಮಚ್ಚೆಗಳಿದ್ದವು ಅಷ್ಟೇ.

"ಅಕ್ಕ, ಆಗ ಕಂಡಿದ್ದು ಈಗ ಯಾಕೆ ಕಾಣ್ಲಿಲ್ಲ?"

ಅವಳು ಹಾಳೆಯನ್ನು ನೋಡಲೇ ಇಲ್ಲ. "ಬರೋವರೆಗೆ ಗೊತ್ತಾಗತ್ತೆ ಕಣೋ. ಬಂದುಬಿಟ್ಟ ಮೇಲೆ ಇಲ್ಲ."

ಡಾಕ್ಟರಮ್ಮ ಎರಡೂ ಹಾಳೆಗಳನ್ನು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟರು. ವಿಜ್ಞಾನ ಕೈಕೊಟ್ಟಾಗ ಅವರ ಒಳ್ಳೆಯತನ ಕೆಲಸಕ್ಕೆ ಬಂತು. "ನೋಡೀಮ್ಮ, ಯಂತ್ರದಲ್ಲಿ ದೋಷ ಇತ್ತು ಅಂತ ಬರೀತೀನಿ. ಅದು ಸುಳ್ಳೂ ಅಲ್ಲ. ಎರಡನ್ನೂ ರದ್ದು ಮಾಡ್ತೀನಿ. ಇನ್ನೆರಡು ತಿಂಗಳು ಬಿಟ್ಟು ಬನ್ನಿ. ಅಲ್ಲೀವರೆಗೆ ಹೋದ ವರ್ಷದ ಸರ್ಟಿಫಿಕೇಟೇ ನಡೆಯುತ್ತೆ."

ಎರಡು ತಿಂಗಳ ಗಾಜಿನ ಕ್ಯಾಬಿನ್. ತಮ್ಮ ಅಕ್ಕನ ಮುಖವನ್ನೇ ನೋಡಿದ. ಒಪ್ಪಿಕೋ ಮಾರಾಯ್ತಿ, ಎಂದು ಅವನ ಕಣ್ಣು ಗೋಗರೆಯಿತು. ಅಕ್ಕನ ಕೈ ಬ್ಯಾಗಿನ ಕಡೆ ಹೋಯಿತು, ಎದ್ದು ಹೊರಡುವವಳ ಹಾಗೆ. ಆಮೇಲೆ ಅಲ್ಲೇ ನಿಂತಿತು.

"ಒಂದು ಮಾತು ಹೇಳಿಲ್ಲ ನಾನು" ಅಂದಳು. "ಚಳಿಗಾಲ ಶುರುವಾದಾಗಿಂದ ಮೇಲೆ ಕೂತಾಗ ಹೀಗೇ ಆಗ್ತಿದೆ. ಕೊಂಡಿಗೆ ಕಂಟೇನರ್ ಹಾಕ್ಕೊಂಡು ಬರ್ತಿರ್ತೀನಿ, ಅದು ಆಗ್ಲೇ ಕೆಳಗೆ ತನ್ನ ಜಾಗದಲ್ಲಿ ಕೂತ ಹಾಗಿರತ್ತೆ. ಮೊದಮೊದಲು ಖುಷಿ ಆಗೋದು. ನನ್ನಷ್ಟು ನೇರವಾಗಿ ಯಾರೂ ಇಳಿಸಲ್ಲ ಅಂತ ಸೂಪರ್‌ವೈಸರ್ ಹೊಗಳಿದ್ರು."

"ಇರ್ಲಿ ಬಿಡಕ್ಕ. ಅದರಿಂದ ಯಾರಿಗೇನು ತೊಂದರೆ?"

"ಮೊನ್ನೆ ಹಿಂದಿನ ಸಾಲಿನ ಎಡ ಮೂಲೇಲಿ ಒಬ್ಬ ಮನುಷ್ಯ ನಿಂತಿದ್ದ. ಹಳದಿ ಟೋಪಿ. ಬಗ್ಗಿ ಬೂಟಿನ ದಾರ ಕಟ್ತಿದ್ದ. ಪೂರ್ತಿ ಭಾರ ಗಾಳೀಲಿ ನಿಲ್ಲಿಸಿ ಹಾರ್ನ್ ಹೊಡೆದೆ. ಇಡೀ ಯಾರ್ಡ್ ತಲೆ ಎತ್ತಿ ನೋಡ್ತು. ಕೆಳಗೆ ಹೋಗಿ ನೋಡಿದವರು, ಯಾರೂ ಇಲ್ಲ ಮೇಲಿನಕ್ಕ, ಕನಸು ಕಾಣ್ತಿದೀಯಾ ಅಂತ ನಕ್ಕರು. ನಾನೂ ನಕ್ಕೆ."

ಡಬ್ಬದ ಫ್ಯಾನು ತಿರುಗುವುದು ಕೇಳುತ್ತಿತ್ತು.

"ಇಲ್ಲದವನಿಗೋಸ್ಕರ ನಿಲ್ಲಿಸಿದೆ. ಅದರಿಂದ ಏನೂ ಹೋಗಲ್ಲ, ಸರಿ" ಅಂದಳು ಅಕ್ಕ. ಎರಡನೆಯ ಹಾಳೆಯ ಕಪ್ಪು ಮೂಲೆಯ ಮೇಲೆ ಬೆರಳಿಟ್ಟಳು. ಆ ಮೂಲೆ ಎಲ್ಲಿದೆ ಎಂದು ಕಣ್ಣು ಹಾಯಿಸದೆಯೇ ಇಟ್ಟಳು. "ಅವನು ನಿಜವಾಗ್ಲೂ ಬಂದು ನಿಂತ ದಿನ ನಂಗೆ ಕಾಣಲ್ಲ ಡಾಕ್ಟ್ರೇ. ಅವತ್ತು ಜಾಗ ಖಾಲಿ ಇದೆ ಅಂತ ಇಳಿಸ್ತೀನಿ. ನೇರವಾಗಿ ಇಳಿಸ್ತೀನಿ. ಇದಕ್ಕೇ ಸಹಿ ಹಾಕಿ."

ತಮ್ಮ ಏನೋ ಹೇಳಲು ಬಾಯಿ ತೆರೆದ. ಅಕ್ಕ ಅವನ ಮೊಣಕೈ ಹಿಡಿದು ಒಮ್ಮೆ ಗಟ್ಟಿಯಾಗಿ ಒತ್ತಿದಳು. ಚಿಕ್ಕಂದಿನಲ್ಲಿ ರಸ್ತೆ ದಾಟಿಸುವಾಗ ಹಿಡಿಯುತ್ತಿದ್ದ ಹಾಗೆ.

ಡಾಕ್ಟರಮ್ಮ ಸಹಿ ಹಾಕಿದರು. ಬೆಳ್ಳಗಿನ ಹಾಳೆಯನ್ನು ಏನು ಮಾಡುವುದೆಂದು ತಿಳಿಯದೆ ಒಮ್ಮೆ ಮಡಿಸಿದರು, ಬಿಚ್ಚಿದರು, ಮತ್ತೆ ಮಡಿಸಿ ಹರಿದು ಬುಟ್ಟಿಗೆ ಹಾಕಿದರು. ಹರಿಯುವಾಗ ಮುಖ ಆಚೆ ತಿರುಗಿಸಿದ್ದರು.

ಹೊರಗೆ ಸಂಜೆಗೆ ಇನ್ನೂ ಹೊತ್ತಿತ್ತು. ಮೆಟ್ಟಿಲಿಳಿದು ಫುಟ್‌ಪಾತಿಗೆ ಬಂದ ಮೇಲೆ ಅಕ್ಕ ಫೋನ್ ತೆಗೆದು ಯಾರ್ಡಿಗೆ ಹಚ್ಚಿದಳು. ಅವಳಿಗೆ ರಜೆ ಇದ್ದಾಗ ಕ್ಯಾಬಿನ್ ಏರುವವನು ಸಿಳ್ಳೆ ಎಂಬವನು. ಬಾಯಿ ಸುಮ್ಮನಿಡಲು ಬಾರದವನಾದ್ದರಿಂದ ಆ ಹೆಸರು. ಫೋನಿನ ಆ ಕಡೆ ಗಾಳಿಯ ಸದ್ದು, ಲೋಹ ಲೋಹಕ್ಕೆ ತಾಗುವ ಸದ್ದು ತಮ್ಮನಿಗೂ ಕೇಳುತ್ತಿತ್ತು.

"ಸಿಳ್ಳೆ, ನಾಳೆಯಿಂದ ಕ್ಯಾಬಿನ್ ನಿಂದೇ ಕಣೋ. ಸೀಟು ಹಿಂದಕ್ಕೆ ತಳ್ಕೋ, ಇಲ್ದಿದ್ರೆ ನಿನ್ನ ಮಂಡಿ ತಾಗತ್ತೆ."

ಸಿಳ್ಳೆ ಏನೋ ದೊಡ್ಡದಾಗಿ ಅಂದ. ಸಂತೋಷವೋ ಸಂತಾಪವೋ ತಮ್ಮನಿಗೆ ತಿಳಿಯಲಿಲ್ಲ.

"ಅದೆಲ್ಲ ಆಮೇಲೆ ಮಾತಾಡೋಣ. ಈಗ ಒಂದು ಮಾತು ಕೇಳಿಸ್ಕೋ. ಹಿಂದಿನ ಸಾಲಿನ ಎಡ ಮೂಲೇಲಿ ಏನನ್ನೇ ಇಳಿಸು, ಮೊದಲು ಒಂದು ಸಲ ನಿಲ್ಲಿಸು. ಹಾರ್ನ್ ಹೊಡಿ. ಕೆಳಗೆ ಯಾರನ್ನಾದ್ರೂ ಕಳಿಸಿ ನೋಡಿಸು. ಎಷ್ಟೇ ಅವಸರ ಇದ್ರೂ. ಯಾರು ನಕ್ಕರೂ."

"ಯಾಕಕ್ಕ, ಯಾರಿದಾರೆ ಅಲ್ಲಿ?"

"ಇನ್ನೂ ಯಾರೂ ಇಲ್ಲ ಕಣೋ" ಅಂದಳು ಅಕ್ಕ. "ಅದಕ್ಕೇ ಹೇಳ್ತಿರೋದು."